ಏರಿಯಾ ಹೆಸರು ಹುಡುಕೋದು: ಮ್ಯಾಪಿಗೆ ಕನ್ನಡ ಹೆಸರು ಸೇರಿಸ್ತಾ ನನಗಾದ ಅನುಭವ

ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದು ಮ್ಯಾಪ್ ಇದೆ, ಯಾರು ಬೇಕಾದ್ರೂ ಅಕೌಂಟ್ ಮಾಡ್ಕೊಂಡು ರಸ್ತೆ, ಕೆರೆ, ದೇವಸ್ಥಾನ, ಅಂಗಡಿ ಎಲ್ಲಾ ಸೇರಿಸಬಹುದು, ಇರೋದನ್ನ ತಿದ್ದಬಹುದು. ಅದರಲ್ಲಿ ಬೆಂಗಳೂರಿನ ರಸ್ತೆಗಳಿಗೆ, ಏರಿಯಾಗಳಿಗೆ ಕನ್ನಡದಲ್ಲಿ ಹೆಸರು ಹಾಕೋ ಕೆಲಸವನ್ನ ನಾನು ಕೆಲವು ವರ್ಷದಿಂದ ಮಾಡ್ಕೊಂಡು ಬಂದಿದೀನಿ. ಇಂಗ್ಲಿಷಲ್ಲಿ ಇರೋದನ್ನ ನೋಡ್ಕೊಂಡು ಕನ್ನಡದಲ್ಲಿ ಟೈಪ್ ಮಾಡಿದ್ರೆ ಮುಗೀತು ಅನ್ನೋ ಹಾಗಿಲ್ಲ, ಯಾಕಂದ್ರೆ ಒಂದೇ ರಸ್ತೆಗೆ ಬೋರ್ಡಲ್ಲಿ ಒಂದು ಹೆಸರು, ಬಸ್ಸಲ್ಲಿ ಒಂದು, ಮನೆ ಪತ್ರದಲ್ಲಿ ಇನ್ನೊಂದು, ಅಲ್ಲೇ ಹುಟ್ಟಿ ಬೆಳೆದವರ ಬಾಯಲ್ಲಿ ಮತ್ತೊಂದು ಇರುತ್ತೆ. ಇದರಲ್ಲಿ ಯಾವುದು ಹೆಸರು ಅಂತ ಕೇಳಿದ್ರೆ ನನ್ನ ಉತ್ತರ ಎಲ್ಲವೂ ಹೆಸರೇ, ಎಲ್ಲವನ್ನೂ ಬರೆದಿಡಬೇಕು, ಆದ್ರೆ ಮೊದಲ ಜಾಗ ಜನ ಬಾಯಲ್ಲಿ ಕರೆಯೋ ಹೆಸರಿಗೆ.

ಮ್ಯಾಪಲ್ಲಿ ಇದಕ್ಕೆಲ್ಲ ಬೇರೆ ಬೇರೆ ಕಾಲಂ ಇವೆ. ಈಗ ಕರೆಯೋ ಹೆಸರು, ಅಧಿಕೃತ ಹೆಸರು, ಹಳೇ ಹೆಸರು, ಇನ್ನೊಂದು ಹೆಸರು, ಅದೂ ಅಲ್ಲದೆ ಪ್ರತಿ ಭಾಷೆಗೂ ಬೇರೆ ಬೇರೆ. ಡಬಲ್ ರೋಡ್ ತಗೊಳ್ಳಿ. ಅಧಿಕೃತವಾಗಿ ಅದು ಕೆ.ಎಚ್. ರಸ್ತೆ, ಅಂದ್ರೆ ಕೆಂಗಲ್ ಹನುಮಂತಯ್ಯ ರಸ್ತೆ, ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಹೆಸರು. ಆಟೋದವರಿಗೆ ಹೇಳೋವಾಗ ಮಾತ್ರ ಡಬಲ್ ರೋಡೇ. ರೆಸಿಡೆನ್ಸಿ ರೋಡ್‌ಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ ಅಂತ ಹೆಸರಿಟ್ಟು ಎಷ್ಟೋ ಕಾಲ ಆಗಿದ್ರೂ ಜನ ರೆಸಿಡೆನ್ಸಿ ರೋಡ್ ಅಂತಾನೇ ಅಂತಾರೆ, ಕಬ್ಬನ್ ಪಾರ್ಕ್‌ನ ದಾಖಲೆ ಹೆಸರು ಶ್ರೀ ಚಾಮರಾಜೇಂದ್ರ ಪಾರ್ಕ್, ಫ್ರೇಜರ್ ಟೌನ್ ಅಧಿಕೃತವಾಗಿ ಪುಲಕೇಶಿನಗರ. ಹಾಗಂತ ಇಟ್ಟ ಹೆಸರು ಯಾವುದೂ ನಿಲ್ಲೋದೇ ಇಲ್ಲ ಅಂತಲ್ಲ. ಸೌತ್ ಪೆರೇಡ್ ಅಂತ ಇದ್ದಿದ್ದನ್ನ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆ ಮಾಡಿದ್ರು, ಇವತ್ತು ಸೌತ್ ಪೆರೇಡ್ ಅಂದ್ರೆ ಯಾರಿಗೂ ಗೊತ್ತಾಗಲ್ಲ, ಎಲ್ಲರಿಗೂ ಎಂ.ಜಿ. ರೋಡ್. ಕ್ಯಾವಲ್ರಿ ರೋಡ್ ಕಾಮರಾಜ್ ರಸ್ತೆ ಆಯ್ತು, ಅದೂ ನಿಂತಿದೆ. ನನಗೆ ಅನ್ಸೋದು, ಹೊಸ ಹೆಸರು ನಾಲಿಗೆಗೆ ಸುಲಭವಾಗಿ ಹೊರಳೋ ಹಾಗಿದ್ದು, ಬಸ್ ಬೋರ್ಡಲ್ಲೂ ಅಂಗಡಿ ಬೋರ್ಡಲ್ಲೂ ಒಟ್ಟಿಗೆ ಬಂದ್ರೆ ಉಳಿಯುತ್ತೆ, ಬರೀ ಕಲ್ಲಿನ ನಾಮಫಲಕದಲ್ಲಿ ಇದ್ರೆ ಅಲ್ಲೇ ಇರುತ್ತೆ.

ಇನ್ನು ಕಾರ್ಪೊರೇಷನ್ನೋರು ಹೆಸರು ಇಡೋ ಕ್ರಮ ಏನಂದ್ರೆ, ಪ್ರಸ್ತಾವ ಬರುತ್ತೆ, ಪ್ರಕಟಣೆ ಕೊಟ್ಟು ಜನರಿಂದ ಆಕ್ಷೇಪಣೆ ಕೇಳ್ತಾರೆ, ಆಮೇಲೆ ನಿರ್ಧಾರ ಆಗುತ್ತೆ. ಆ ಆಕ್ಷೇಪಣೆ ಪ್ರಕಟಣೆಗಳನ್ನ ಪೇಪರಲ್ಲಿ ನೋಡಿದಾಗ ನಾನು ಕತ್ತರಿಸಿ ಇಟ್ಕೋತೀನಿ, ಯಾಕಂದ್ರೆ ಯಾವ ಸರ್ಕಲ್ಲಿಂದ ಯಾವ ಸರ್ಕಲ್ ತನಕ ಹೊಸ ಹೆಸರು ಅನ್ನೋದು ಅದರಲ್ಲಿ ಸರಿಯಾಗಿ ಬರೆದಿರುತ್ತೆ, ಬೋರ್ಡಿಂದ ಅದು ಗೊತ್ತಾಗಲ್ಲ.

ಜನರನ್ನ ಕೇಳೋ ವಿಷಯಕ್ಕೆ ಬರ್ತೀನಿ, ಈ ಕೆಲಸದಲ್ಲಿ ಮುಖ್ಯ ಅದೇ. "ಇದಕ್ಕೆ ಈ ಹೆಸರು ಯಾಕೆ ಬಂತು" ಅಂತ ನೇರವಾಗಿ ಕೇಳಬಾರದು. ಕೇಳಿದ್ರೆ ಪಾಪ ಎದುರಿಗಿರೋರು ಏನೋ ಒಂದು ಕಥೆ ಹೇಳಲೇಬೇಕಲ್ಲ ಅಂತ ಹೇಳ್ತಾರೆ, ಆ ಕಥೆಯಲ್ಲಿ ಒಬ್ಬ ರಾಜ ಇರ್ತಾನೆ, ಒಬ್ಬ ಮುದುಕಿ ಇರ್ತಾಳೆ. ನಾನು ಕೇಳೋದು ಹಳೇ ಕಾಲದಲ್ಲಿ ಇಲ್ಲಿ ಏನಿತ್ತು, ನೀರು ಎಲ್ಲಿಂದ ತರ್ತಿದ್ರಿ, ಬಸ್ ಎಲ್ಲಿ ನಿಲ್ತಿತ್ತು ಅಂತ. ಒಂದು ಸಲ ಹೂವು ಕಟ್ತಾ ಕೂತಿದ್ದ ಒಬ್ಬ ಅಜ್ಜಿ ಹತ್ರ, "ಅಜ್ಜಿ, ನೀವು ಮದುವೆಯಾಗಿ ಬಂದ ಹೊಸದ್ರಲ್ಲಿ ಕಂಡಕ್ಟರ್‌ಗೆ ಎಲ್ಲಿ ಇಳಿಸು ಅಂತಿದ್ರಿ?" ಅಂದೆ. "ಏರಿ ಮೇಲೆ ಇಳಿಸಪ್ಪ ಅಂತಿದ್ವಿ ಕಣಪ್ಪ, ಆಗ ಈ ಸ್ಟಾಪಿಗೆಲ್ಲ ಹೆಸರೆಲ್ಲಿತ್ತು" ಅಂದ್ರು. ಅಲ್ಲಿ ಈಗ ಏರಿನೂ ಇಲ್ಲ ಕೆರೆನೂ ಇಲ್ಲ, ಸಾಲಾಗಿ ಸೈಟು. ಆದ್ರೆ ಆ ಒಂದು ಮಾತಿಂದ ಪಕ್ಕದ ಕೋಡಿ ಬೀದಿ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ತಿಳೀತು, ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದು ಹೋಗ್ತಿದ್ದ ಕಡೆ ಅದು.

ಯಾರನ್ನ ಕೇಳ್ತೀವಿ ಅನ್ನೋದರ ಮೇಲೂ ಉತ್ತರ ಬದಲಾಗುತ್ತೆ. ಪೋಸ್ಟ್‌ಮ್ಯಾನ್‌ಗಳಿಗೆ ಅಡ್ರೆಸ್ಸಲ್ಲಿ ಬರೋ ಹೆಸರೆಲ್ಲ ಬಾಯಿಪಾಠ, ಅಧಿಕೃತ ಹೆಸರೂ ಗೊತ್ತು, ಜನ ತಪ್ಪಾಗಿ ಬರೆಯೋ ಹೆಸರೂ ಗೊತ್ತು. ಕಂಡಕ್ಟರ್, ಆಟೋದವರಿಗೆ ಈಗ ಚಾಲ್ತಿಯಲ್ಲಿರೋ ಹೆಸರು. ಅದಕ್ಕಿಂತ ಹಿಂದಿನದು ಬೇಕಂದ್ರೆ ಅಲ್ಲೇ ಜಮೀನಿದ್ದ ಮನೆತನದ ಹಿರಿಯರು, ಮದುವೆಯಾಗಿ ಆ ಊರಿಗೆ ಬಂದ ಹೆಂಗಸರು. ಹೆಂಗಸರು ನೀರು, ಹುಲ್ಲು, ಸೌದೆ ಅಂತ ಊರೆಲ್ಲ ನಡೆದವರು, ಗಂಡಸರು ಮರೆತಿರೋ ಸಣ್ಣ ಸಣ್ಣ ಜಾಗದ ಹೆಸರು ಅವರ ಹತ್ರ ಇರುತ್ತೆ.

ಬಾಯಲ್ಲಿ ಕೇಳಿದ್ದನ್ನ ಆಮೇಲೆ ದಾಖಲೆ ಜೊತೆ ಇಟ್ಟು ನೋಡಬೇಕು. ನನಗೆ ಅತಿ ಹೆಚ್ಚು ಸಹಾಯ ಆಗಿರೋದು ಗ್ರಾಮ ನಕ್ಷೆ. ಭೂಮಾಪನ ಇಲಾಖೆ ವೆಬ್‌ಸೈಟಲ್ಲೇ ಸಿಗುತ್ತೆ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಅಂತ ಆರಿಸ್ಕೊಂಡು ಡೌನ್‌ಲೋಡ್ ಮಾಡ್ಕೊಬಹುದು. ಸರ್ವೇ ನಂಬರ್ ಜೊತೆ ಕೆರೆ, ಹಳ್ಳ, ಗುಂಡುತೋಪು (ಊರಿನ ಸಾರ್ವಜನಿಕ ಮರಗಳ ತೋಪು), ಗ್ರಾಮಠಾಣ (ಮನೆಗಳಿರೋ ಜಾಗ), ಬಂಡಿದಾರಿ, ಕಾಲುದಾರಿ ಎಲ್ಲ ಗುರುತು ಮಾಡಿರ್ತಾರೆ. ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಆ ನಕ್ಷೆ ಇಟ್ಟು ಹೊಂದಿಸಿದ್ರೆ, ಲೇಔಟ್ ಮಧ್ಯೆ ಒಂದು ರಸ್ತೆ ಮಾತ್ರ ಯಾಕೆ ಸೊಟ್ಟಗೆ ಹೋಗುತ್ತೆ ಅನ್ನೋದು ಕಾಣುತ್ತೆ, ಅದು ಹಳೇ ಬಂಡಿದಾರಿ ಆಗಿರುತ್ತೆ, ಇಲ್ಲಾ ಕೆರೆ ಏರಿ. ರೆವೆನ್ಯೂ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತಲೂ ಕೆಲವು ಇರುತ್ತೆ, ಅಂದ್ರೆ ಜನ ವಾಸ ಇಲ್ಲದ, ಹೆಸರು ಮಾತ್ರ ಉಳಿದಿರೋ ಊರು. ಅಂಥ ಹೆಸರು ಕಂಡಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಸಂಕಟ ಆಗುತ್ತೆ, ಅದನ್ನ ಮ್ಯಾಪಿಗೆ ಹಾಕದೆ ಬಿಡಲ್ಲ.

ದಾಖಲೆಗಿಂತ ಹಿಂದೆ ಹೋಗಬೇಕಂದ್ರೆ ಶಾಸನ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಬೆಂಗಳೂರು ಜಿಲ್ಲೆದು, 1905ರಲ್ಲಿ ಬಂದಿದ್ದು, ಊರೂರಲ್ಲಿ ಎಲ್ಲೆಲ್ಲಿ ಯಾವ ಕಲ್ಲಿದೆ, ಅದರಲ್ಲಿ ಏನು ಬರೆದಿದೆ ಅಂತ ಅದರಲ್ಲಿದೆ. ಇದು ಯಾಕೆ ಮುಖ್ಯ ಅಂದ್ರೆ, ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು ಅದಕ್ಕೇ ಬೆಂದಕಾಳೂರು, ಅದೇ ಬೆಂಗಳೂರು ಅಂತ ಎಲ್ಲರೂ ಸ್ಕೂಲಲ್ಲಿ ಕೇಳಿರ್ತೀವಿ. ಇಮ್ಮಡಿ ವೀರಬಲ್ಲಾಳ ಆಳಿದ್ದು 12ನೇ ಶತಮಾನದ ಕೊನೆ, 13ನೇ ಶತಮಾನದ ಶುರು. ಬೇಗೂರಿನ ದೇವಸ್ಥಾನದಲ್ಲಿರೋ ಗಂಗರ ಕಾಲದ ಶಾಸನದಲ್ಲಿ, ಸುಮಾರು ಕ್ರಿ.ಶ. 890ರದ್ದು, ಬೆಂಗಳೂರು ಕಾಳಗ ಅಂತ ಸ್ಪಷ್ಟವಾಗಿ ಇದೆ. ಬಲ್ಲಾಳ ಹುಟ್ಟೋಕೆ ಮುಂಚೆನೇ ಬೆಂಗಳೂರು ಅನ್ನೋ ಊರು ಇತ್ತು, ಅಲ್ಲಿ ಜಗಳ ಆಗಿ ಜನ ಸತ್ತಿದ್ರು. ಕಥೆ ಚೆನ್ನಾಗಿದೆ, ಮಕ್ಕಳಿಗೆ ಹೇಳೋಣ, ಆದ್ರೆ ಹೆಸರಿನ ಮೂಲ ಅಂತ ಮ್ಯಾಪಲ್ಲಿ ಹಾಕೋಕೆ ನಾನು ಒಪ್ಪಲ್ಲ.

ಹೆಬ್ಬಾಳದ್ದು ಇನ್ನೂ ಖುಷಿ ಕೊಡೋ ಉದಾಹರಣೆ. 2018ರಲ್ಲಿ ಅಲ್ಲಿ ಚರಂಡಿಗೆ ಅಂತ ಅಗೆದಾಗ ಒಂದು ವೀರಗಲ್ಲು ಸಿಕ್ತು, ಕಿತ್ತಯ್ಯ ಅನ್ನೋ ವೀರನದ್ದು, ಗಂಗ ದೊರೆ ಶ್ರೀಪುರುಷನ ಕಾಲ, ಸುಮಾರು ಕ್ರಿ.ಶ. 750. ಬೆಂಗಳೂರಲ್ಲಿ ಸಿಕ್ಕಿರೋ ಕನ್ನಡ ಶಾಸನಗಳಲ್ಲಿ ಅತಿ ಹಳೇದು ಅಂತ ಗುರುತಿಸಿದ್ದಾರೆ. ಅದರಲ್ಲಿ ಆ ಸೀಮೆಗೆ ಪೆರ್ಬೊಳಲ್ ನಾಡು ಅಂತ ಹೆಸರು. ಪೆರ್ ಅಂದ್ರೆ ಹಿರಿದು, ಪೊಳಲ್ ಅಂದ್ರೆ ಪಟ್ಟಣ. ಹಳೆಗನ್ನಡದ ಪಕಾರ ಆಮೇಲೆ ಹಕಾರ ಆಗೋದು ನಮಗೆಲ್ಲ ಗೊತ್ತಿರೋದೇ, ಹಾಗೇ ಪೆರ್ಬೊಳಲ್ ಸವೆದು ಸವೆದು ಹೆಬ್ಬಾಳ ಆಗಿದೆ. ಫ್ಲೈಓವರ್ ಮೇಲೆ ಟ್ರಾಫಿಕ್ಕಲ್ಲಿ ನಿಂತಾಗ ಈ ಜಾಗ 1,200 ವರ್ಷಕ್ಕಿಂತ ಹಿಂದೆನೇ ದೊಡ್ಡ ಪಟ್ಟಣ ಅಂತ ಕರೆಸ್ಕೊಂಡಿತ್ತು ಅಂತ ನೆನೆಸ್ಕೊಂಡ್ರೆ ಮೈ ಜುಮ್ ಅನ್ನುತ್ತೆ. ದೊಮ್ಮಲೂರಲ್ಲೂ ಚೊಕ್ಕನಾಥಸ್ವಾಮಿ ದೇವಸ್ಥಾನದ ತಮಿಳು ಶಾಸನಗಳಲ್ಲಿ ಊರ ಹೆಸರು ತೊಂಬಲೂರು ಅಂತ ಇದೆ. ಈಗ ಇತಿಹಾಸ ಅಧ್ಯಯನ ಮಾಡೋ ಬೆಂಗಳೂರಿನ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಇಡ್ತಿದ್ದಾರೆ, ನನ್ನಂಥವರಿಗೆ ಇದು ದೊಡ್ಡ ಉಪಕಾರ.

ಪೇಟೆಯೊಳಗಿನ ಹೆಸರುಗಳು ಅಷ್ಟು ಕಷ್ಟ ಕೊಡಲ್ಲ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದ ಮೇಲೆ ಬೆಳೆದಿದ್ದು, ಮಾರೋ ಸಾಮಾನಿಂದ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೇಪೇಟೆ, ಕಸುಬಿಂದ ಗಾಣಿಗರಪೇಟೆ, ಕುಂಬಾರಪೇಟೆ. ಬಳೇಪೇಟೆಗೆ ಈಗ ಜನ ಹಾರ್ಮೋನಿಯಂ, ತಬಲ ಕೊಳ್ಳೋಕೂ ಹೋಗ್ತಾರೆ, ಹೆಸರು ಹಾಗೇ ಇದೆ. ಅರಳೇಪೇಟೆ ಕಾಟನ್‌ಪೇಟೆ ಆಗಿದೆ, ದೊಡ್ಡಪೇಟೆ ಅವೆನ್ಯೂ ರೋಡ್ ಆಗಿದೆ, ಚಿಕ್ಕಪೇಟೆ ಮಾತ್ರ ಚಿಕ್ಕಪೇಟೆಯಾಗೇ ಉಳಿದಿದೆ. ದೊಡ್ಡಪೇಟೆ ಅನ್ನೋದನ್ನ ಹಳೇ ಹೆಸರಿನ ಕಾಲಂಗೆ ಹಾಕಿದ್ದು ನನಗೆ ತುಂಬಾ ಸಮಾಧಾನ ಕೊಟ್ಟ ಕೆಲಸ.

ಆದ್ರೆ ನನ್ನ ಪ್ರಕಾರ ಅತಿ ಹೆಚ್ಚು ಹೆಸರು ಕೊಟ್ಟಿರೋದು ಕೆರೆ. ಬೊಮ್ಮಸಂದ್ರ, ಸಿಂಗಸಂದ್ರ, ತಿಪ್ಪಸಂದ್ರ, ಈ ಸಂದ್ರ ಅನ್ನೋದು ಸಮುದ್ರ, ದೊಡ್ಡ ಕೆರೆಗೆ ನಮ್ಮ ಹಿರಿಯರು ಹಾಗೆ ಅಂತಿದ್ರು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಅಂಗಳದಲ್ಲಿ. ಅಲ್ಲಿ ಪಕ್ಕದಲ್ಲೇ ಟ್ಯಾಂಕ್ ಬಂಡ್ ರೋಡ್ ಅಂತ ಇವತ್ತಿಗೂ ಇದೆ, ಕೆರೆ ಹೋಯ್ತು, ಏರಿ ಹೆಸರು ರಸ್ತೆಗೆ ಅಂಟ್ಕೊಂಡು ಉಳೀತು. ಮೆಜೆಸ್ಟಿಕ್ ಅನ್ನೋದು ಒಂದು ಟಾಕೀಸ್ ಹೆಸರು, ಆ ಟಾಕೀಸೂ ಹೋಗಿದೆ, ಬಸ್ ಸ್ಟ್ಯಾಂಡಿಗೆ ಕೆಂಪೇಗೌಡರ ಹೆಸರು ಇದೆ, ಆದ್ರೆ ಕರ್ನಾಟಕದ ಯಾವ ಮೂಲೆಯಿಂದ ಬಂದವರೂ ಇಳಿಯೋದು ಮೆಜೆಸ್ಟಿಕ್‌ನಲ್ಲಿ. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು, ಸಂಪಂಗಿರಾಮನಗರ ಅನ್ನೋದು ಪಕ್ಕದಲ್ಲಿ ಉಳೀತು. ಹಾಗೇ ಮಾಗಡಿ ರೋಡಲ್ಲಿ ಟೋಲ್‌ಗೇಟ್, ಅದೇ ದಾರಿಯಲ್ಲಿ ಮುಂದೆ ಹೋದ್ರೆ ಸುಂಕದಕಟ್ಟೆ, ಊರೊಳಗೆ ಬರೋ ಸಾಮಾನಿಗೆ ಸುಂಕ ವಸೂಲಿ ಮಾಡ್ತಿದ್ದ ಕಾಲದ ಹೆಸರುಗಳು. ಜಾರಕಬಂಡೆ ಕಾವಲ್ ಥರ ಕಾವಲ್ ಅಂತ ಕೊನೆಗೆ ಬಂದ್ರೆ ಅದು ದನ ಮೇಯೋಕೆ ಅಂತ ಕಾದಿಟ್ಟಿದ್ದ ಹುಲ್ಲುಗಾವಲು.

ಮಲ್ಲೇಶ್ವರಂದು ಹೇಳದೆ ಇರೋಕಾಗಲ್ಲ. ಕಾಡು ಮಲ್ಲೇಶ್ವರ ದೇವಸ್ಥಾನದ ಶಾಸನ 1669ರದ್ದು, ಶಿವಾಜಿಯ ಮಲಸಹೋದರ ಏಕೋಜಿ ಆ ದೇವರಿಗೆ ಮೇದರನಿಂಗನಹಳ್ಳಿ ಅನ್ನೋ ಊರನ್ನ ದಾನ ಕೊಟ್ಟಿದ್ದು. ದೇವರ ಹೆಸರು ಬಡಾವಣೆಗೆ ಬಂತು, ಎಲ್ಲರಿಗೂ ಗೊತ್ತು. ಆದ್ರೆ ದಾನ ಹೋದ ಮೇದರನಿಂಗನಹಳ್ಳಿ ಹೆಸರನ್ನ ಈಗ ಯಾರು ಹೇಳ್ತಾರೆ? ಹೆಸರು ನೋಡಿದ್ರೆ ಬಿದಿರು ಹೆಣೆಯೋ ಮೇದರ ನಿಂಗ ಅನ್ನೋ ಒಬ್ಬ ಮನುಷ್ಯ ಇದ್ದಿರಬೇಕು ಅನ್ಸುತ್ತೆ, ಅವನ ನೆನಪು ಆ ಕಲ್ಲಲ್ಲಿ ಉಳಿದಿದೆ. ರಾಜರ ಹೆಸರು, ದಿವಾನರ ಹೆಸರು ಹೇಗೋ ಉಳಿಯುತ್ತೆ, ಇಂಥವರ ಹೆಸರು ಉಳಿಸೋಕೇ ನಾವು ಓಡಾಡಬೇಕಾಗಿರೋದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಹೊಸ ಲೇಔಟ್‌ಗಳಲ್ಲಿ ತೊಂದರೆ ಬೇರೆ ಥರ. ಇಂಗ್ಲಿಷ್ ಅಕ್ಷರಗಳೊಳಗೆ ಊರುಗಳು ಹೂತು ಹೋಗಿವೆ. ಬಿಟಿಎಂ ಅಂದ್ರೆ ಭೈರಸಂದ್ರ, ತಾವರೆಕೆರೆ, ಮಡಿವಾಳ, ಮೂರು ಊರು. ಎಚ್ಎಸ್ಆರ್ ಅಂದ್ರೆ ಹೊಸೂರು ಸರ್ಜಾಪುರ ರಸ್ತೆ. ಆರ್.ಟಿ. ನಗರ ರವೀಂದ್ರನಾಥ ಠಾಗೋರ್ ನಗರ. ಪೇಟೆ ಕಡೆ ಓಟಿಸಿ ರೋಡ್ ಅಂತಾರಲ್ಲ, ಅದು ಓಲ್ಡ್ ತಾಲೂಕ್ ಕಚೇರಿ ರೋಡ್, ಎಸ್.ಪಿ. ರೋಡ್ ಸಾದರ್ ಪತ್ರಪ್ಪ ರೋಡ್, ಅಲ್ಲಿ ಕಂಪ್ಯೂಟರ್ ಸಾಮಾನು ತಗೊಳ್ಳೋ ಹುಡುಗರಿಗೆ ಪತ್ರಪ್ಪನವರ ಹೆಸರೇ ಗೊತ್ತಿರಲ್ಲ. ಅದಕ್ಕೆ ಕನ್ನಡ ಕಾಲಂನಲ್ಲಿ ನಾನು ಚಿಕ್ಕ ರೂಪ ಒಂದು ಕಡೆ, ಬಿಡಿಸಿದ ರೂಪ ಇನ್ನೊಂದು ಕಡೆ ಎರಡನ್ನೂ ಹಾಕ್ತೀನಿ, ಹುಡುಕಿದೋರಿಗೆ ಎರಡರಲ್ಲೂ ಸಿಗಬೇಕು.

ಇದನ್ನ ನಿಮ್ಮ ಊರಲ್ಲಿ ಮಾಡಬೇಕು ಅಂತಿದ್ರೆ ದೊಡ್ಡ ರಸ್ತೆಗಳನ್ನ ಬಿಡಿ, ಅವನ್ನ ಯಾರಾದ್ರೂ ಹಾಕ್ತಾರೆ. ನಿಮ್ಮ ಗ್ರಾಮ ನಕ್ಷೆ ಇಳಿಸ್ಕೊಳ್ಳಿ, ಮನೆ ಹಿರಿಯರ ಮುಂದೆ ಹರಡಿ, ಒಂದೊಂದು ಕೆರೆ, ಕಟ್ಟೆ, ತೋಪು, ಹಳ್ಳ ತೋರಿಸಿ ಏನಂತಿದ್ರು ಅಂತ ಕೇಳಿ. ಅವರು ಹೇಳಿದ ಹಾಗೇ ಬರ್ಕೊಳ್ಳಿ, ನೀವು ತಿದ್ದಿ ಶುದ್ಧ ಮಾಡೋಕೆ ಹೋಗಬೇಡಿ, ಪರ್ಮಿಷನ್ ಕೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ರೆ ಇನ್ನೂ ಒಳ್ಳೇದು, ಉಚ್ಚಾರಣೆ ಉಳಿಯುತ್ತೆ. ಇಬ್ಬರು ಬೇರೆ ಬೇರೆ ಹೆಸರು ಹೇಳಿದ್ರೆ ಇಬ್ಬರದ್ದೂ ಇರಲಿ. ಗೂಗಲ್ ಮ್ಯಾಪ್ ನೋಡ್ಕೊಂಡು ಕಾಪಿ ಮಾತ್ರ ಮಾಡಬಾರದು, ಕಾಪಿರೈಟ್ ಇರುತ್ತೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅದಕ್ಕೆ ಅವಕಾಶ ಇಲ್ಲ. ಎಲ್ಲಿಂದ ತಿಳೀತು ಅನ್ನೋದನ್ನ ಸೋರ್ಸ್ ಕಾಲಂನಲ್ಲಿ ಬರೀರಿ, ಸ್ಥಳೀಯರು ಹೇಳಿದ್ದು ಅಂದ್ರೆ ಹಾಗೇ ಬರೀರಿ, ಶಾಸನ ಅಂದ್ರೆ ಯಾವ ದೇವಸ್ಥಾನದ್ದು ಅಂತ ಬರೀರಿ, ನಾಳೆ ಇನ್ನೊಬ್ಬರು ಬಂದು ಪರೀಕ್ಷೆ ಮಾಡೋ ಹಾಗಿರಬೇಕು.