ಚಿತ್ರ ಆಮೇಲೆ, ಮೊದಲು ಮಣಿಕಟ್ಟು ಹಿಡಿಯಿರಿ

‘ಹೃದಯದ ಸೀಳುನೋಟದ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ.’ ಹತ್ತನೇ ಕ್ಲಾಸಿನಿಂದ ನರ್ಸಿಂಗ್ ಮೊದಲ ವರ್ಷದವರೆಗೂ ಈ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಪಿಯುಸಿಯಲ್ಲಿ ನಾನೂ ಈ ಚಿತ್ರವನ್ನು ಮತ್ತೆ ಮತ್ತೆ ಬರೆದು ಉರು ಹೊಡೆದಿದ್ದೆ. ಪರೀಕ್ಷೆಯಲ್ಲಿ ಎಡ ಬಲ ಅದಲುಬದಲಾಗಿ ಮಾರ್ಕ್ಸ್ ಹೋಯಿತು. ‘ಅದು ಎದುರಿಗೆ ನಿಂತವನ ಹೃದಯ ಕಣಯ್ಯ, ಅವನ ಎಡ ನಿನ್ನ ಬಲಕ್ಕೆ ಬರುತ್ತೆ’ ಎಂದು ಲೆಕ್ಚರರ್ ಆಮೇಲೆ ಹೇಳಿದರು. ಮೊದಲೇ ಹೇಳಬಾರದಿತ್ತಾ!

ಹಾಗಾಗಿ ಇಲ್ಲಿ ಕೆಲಸ ತಿರುಗುಮುರುಗು. ಮೊದಲು ನಿಮ್ಮ ಹೃದಯವನ್ನೇ ಮುಟ್ಟಿ, ಎಣಿಸಿ, ಕೇಳಿ. ಪುಸ್ತಕ ತೆರೆಯುವುದು ಕೊನೆಗೆ. ಬೇಕಾದದ್ದು ಇಷ್ಟು: ಸೆಕೆಂಡು ತೋರಿಸುವ ಗಡಿಯಾರ ಅಥವಾ ಮೊಬೈಲು, ನೋಟ್‌ಬುಕ್, ಜೊತೆಗೊಬ್ಬ ಗೆಳೆಯನೋ ತಂಗಿಯೋ, ಎಣ್ಣೆ ಸುರಿಯುವ ಲಾಳಿಕೆ, ಅದರ ಮೂತಿಗೆ ಸರಿಹೊಂದುವ ಒಂದೂವರೆ ಅಡಿ ಪ್ಲಾಸ್ಟಿಕ್ ಪೈಪು, ಒಂದು ಬಟ್ಟೆ ಪಟ್ಟಿ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪೈಪಿನಂಥದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಹೆಜ್ಜೆ 1: ನಾಡಿ ಹಿಡಿಯಿರಿ

ಎಡಗೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲಿಡಿ. ಹೆಬ್ಬೆರಳಿನ ಬುಡದಿಂದ ನೇರವಾಗಿ ಮೊಣಕೈ ಕಡೆಗೆ ಬನ್ನಿ. ಮಣಿಕಟ್ಟಿನ ಗೆರೆ ದಾಟಿದ ಕೂಡಲೇ ಮೂಳೆಯ ಪಕ್ಕ ಸಣ್ಣ ತಗ್ಗಿದೆ. ಅಲ್ಲಿ ಬಲಗೈಯ ತೋರುಬೆರಳು, ಮಧ್ಯದ ಬೆರಳು ಇಡಿ. ಜಾಸ್ತಿ ಒತ್ತಿದರೆ ನಾಡಿಯೇ ಕಟ್ಟಿಹೋಗುತ್ತದೆ, ಹಗುರವಾಗಿ ಒತ್ತಿ. ಹೆಬ್ಬೆರಳಲ್ಲಿ ಮಾತ್ರ ಹಿಡಿಯಬೇಡಿ. ಅದರಲ್ಲೇ ಒಂದು ನಾಡಿ ಬಡಿಯುತ್ತಿರುತ್ತದೆ. ಗೆಳೆಯನ ನಾಡಿ ನೋಡಲು ಹೋಗಿ ನಿಮ್ಮದನ್ನೇ ಎಣಿಸುತ್ತೀರಿ.

ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಸುಲಭ, ನಿಜ. ಆದರೆ ಒಂದು ಬಡಿತ ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತವೆ. ಸುಮ್ಮನೆ ಕೂತಿರುವ ದೊಡ್ಡವರಲ್ಲಿ 60ರಿಂದ 100ರೊಳಗೆ ಬರುವುದು ಸಹಜ.

ಬೆರಳಿಗೆ ತಾಗಿದ್ದು ರಕ್ತ ಬಂದು ಗುದ್ದಿದ್ದಲ್ಲ. ಹೃದಯ ಹಿಂಡಿದಾಗ ರಕ್ತನಾಳದ ಗೋಡೆಯಲ್ಲಿ ಒಂದು ಅಲೆ ಏಳುತ್ತದೆ. ಆ ಅಲೆ ರಕ್ತಕ್ಕಿಂತ ಎಷ್ಟೋ ಬೇಗ ಓಡಿ ಮಣಿಕಟ್ಟು ಮುಟ್ಟುತ್ತದೆ. ರಕ್ತ ನಿಧಾನವಾಗಿ ಹಿಂದೆ ಬರುತ್ತದೆ.

ಹೆಜ್ಜೆ 2: ಉಸಿರಿನ ಜೊತೆ ಎಣಿಸಿ

ಬೆರಳು ಅಲ್ಲೇ ಇರಲಿ. ಐದು ಸೆಕೆಂಡು ಉಸಿರು ಎಳೆದುಕೊಳ್ಳಿ, ಐದು ಸೆಕೆಂಡು ಬಿಡಿ. ಹೀಗೆ ನಾಲ್ಕೈದು ಸಲ. ಎಳೆಯುವಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ಮಂದವಾಗುತ್ತದೆ. ಎಳೆಯ ವಯಸ್ಸಿನಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಗಾಬರಿ ಬೇಡ, ಇದು ಕಾಯಿಲೆಯಲ್ಲ.

ಹೃದಯದ ಬಲ ಹೃತ್ಕರ್ಣದಲ್ಲಿ, ಅಂದರೆ ಬಲಗಡೆಯ ಮೇಲಿನ ಕೋಣೆಯಲ್ಲಿ, ತಾಳ ಹಾಕುವ ಒಂದು ಸಣ್ಣ ಗಂಟು ಇದೆ. ಯಾವ ನರವೂ ತಡೆಯದಿದ್ದರೆ ಅದು ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ಅದನ್ನು 70ರ ಆಸುಪಾಸಿಗೆ ಇಳಿಸುವುದು ವೇಗಸ್ ಎಂಬ ನರ. ಅಂದರೆ ನೀವು ಆರಾಮಾಗಿ ಕೂತಿರುವಾಗ ಹೃದಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡುತ್ತಿದೆ, ಘಾಟಿ ಇಳಿಯುವ ಬಸ್ಸಿನ ಹಾಗೆ. ಉಸಿರು ಎಳೆದಾಗ ಬ್ರೇಕು ಕೊಂಚ ಸಡಿಲ. ಪಠ್ಯದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ನರದ ಹಿಡಿತ ಈಗ ನಿಮ್ಮ ಬೆರಳ ತುದಿಗೇ ಸಿಕ್ಕಿತು, ಅಲ್ವಾ?

ಹೆಜ್ಜೆ 3: ಮೆಟ್ಟಿಲು ಹತ್ತಿ

ಹೃದಯದ ತೊಂದರೆ ಅಥವಾ ಉಬ್ಬಸ ಇದ್ದವರು ಇದನ್ನು ಬಿಡಿ. ಉಳಿದವರು ಒಂದೇ ಮೆಟ್ಟಿಲನ್ನು ಮೂರು ನಿಮಿಷ ಹತ್ತಿ ಇಳಿಯಿರಿ. ನಿಂತ ತಕ್ಷಣ ಎಣಿಸಿ. ಇಲ್ಲಿ ಮಾತ್ರ ಹದಿನೈದು ಸೆಕೆಂಡಿನ ಲೆಕ್ಕವೇ ಸರಿ, ಯಾಕೆಂದರೆ ಒಂದು ನಿಮಿಷದೊಳಗೆ ನಾಡಿ ಇಳಿದುಬಿಡುತ್ತದೆ. ಆಮೇಲೆ ಐದು ನಿಮಿಷದವರೆಗೆ ಪ್ರತಿ ನಿಮಿಷ ಎಣಿಸಿ ಬರೆದು, ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯಿರಿ. ದಿನಾ ಕಬಡ್ಡಿ ಆಡುವ ಗೆಳೆಯನ ಗೆರೆ ಸಾಮಾನ್ಯವಾಗಿ ನಿಮ್ಮದಕ್ಕಿಂತ ಬೇಗ ಕೆಳಗಿಳಿಯುತ್ತದೆ.

ಹೆಜ್ಜೆ 4: ಲಾಳಿಕೆಯಲ್ಲಿ ಕಿವಿಗೊಡಿ

1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್ ಅವರಿಗೆ ಒಬ್ಬ ಯುವತಿಯ ಎದೆಗೆ ನೇರವಾಗಿ ಕಿವಿ ಇಡಲು ಸಂಕೋಚವಾಯಿತು. ಕಾಗದ ಸುರುಳಿ ಸುತ್ತಿ ಕೇಳಿದರು. ಬರಿಗಿವಿಗಿಂತ ಸ್ಪಷ್ಟವಾಗಿ ಕೇಳಿಸಿತು. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ನಮ್ಮದು ಲಾಳಿಕೆಯ ಸ್ಟೆತಸ್ಕೋಪ್.

ಲಾಳಿಕೆಯ ಮೂತಿಗೆ ಪೈಪು ಬಿಗಿಯಾಗಿ ಸಿಕ್ಕಿಸಿ. ಫ್ಯಾನ್ ಆರಿಸಿ, ಟಿವಿ ನಿಲ್ಲಿಸಿ. ಅಗಲ ಬಾಯಿಯನ್ನು ಎದೆಯ ಎಡಗಡೆ, ಮೊಲೆತೊಟ್ಟಿನ ಕೆಳಭಾಗದಲ್ಲಿ, ಐದನೇ ಮತ್ತು ಆರನೇ ಪಕ್ಕೆಲುಬಿನ ನಡುವೆ ಒತ್ತಿ. ಪೈಪಿನ ತುದಿ ಕಿವಿಯ ಹತ್ತಿರವಿರಲಿ, ಒಳಗೆ ತುರುಕಬೇಡಿ. ಮೊದಲ ಸಲ ಏನೂ ಕೇಳದಿದ್ದರೆ ಬೇಸರಪಡಬೇಡಿ. ಒಂದಿಷ್ಟು ಆಚೀಚೆ ಸರಿಸಿದರೆ ಸಿಗುತ್ತದೆ: ಲಬ್-ಡಬ್, ಲಬ್-ಡಬ್.

ಇದು ಸ್ನಾಯು ಹಿಂಡುವ ಸದ್ದು ಎಂದೇ ಬಹಳ ಜನ ತಿಳಿದಿದ್ದಾರೆ. ಅಲ್ಲ. ಕವಾಟಗಳು ಮುಚ್ಚುವಾಗ ಏಳುವ ಸದ್ದು. ಹೊಲದ ಪಂಪ್‌ಸೆಟ್ಟಿನ ಫುಟ್‌ವಾಲ್ ನೋಡಿದ್ದೀರಲ್ಲ, ಮೇಲೆ ಹೋದ ನೀರು ವಾಪಸ್ ಇಳಿಯದಂತೆ ಮುಚ್ಚಿಕೊಳ್ಳುತ್ತದೆ. ಹೃದಯದಲ್ಲಿ ಅಂಥವು ನಾಲ್ಕಿವೆ. ಮೇಲಿನ ಹೃತ್ಕರ್ಣ, ಕೆಳಗಿನ ಹೃತ್ಕುಕ್ಷಿಗಳ ನಡುವಿನ ಎರಡು ಮುಚ್ಚಿದರೆ ಲಬ್. ದೊಡ್ಡ ರಕ್ತನಾಳಗಳ ಬಾಯಲ್ಲಿರುವ ಎರಡು ಮುಚ್ಚಿದರೆ ಡಬ್.

ಈಗ ಸದ್ದು ಕೇಳುತ್ತಲೇ ಮಣಿಕಟ್ಟು ಹಿಡಿಯಿರಿ. ಲಬ್ ಆದ ಮರುಕ್ಷಣ ನಾಡಿ ಬಡಿಯುತ್ತದೆ. ಲಬ್‌ನಿಂದ ಡಬ್‌ಗೆ ಗಿಡ್ಡ ಅಂತರ, ಡಬ್‌ನಿಂದ ಮುಂದಿನ ಲಬ್‌ಗೆ ಉದ್ದ ಅಂತರ. ನಿಮಿಷಕ್ಕೆ 75 ಬಡಿತವಾದರೆ ಒಂದು ಸುತ್ತಿಗೆ 0.8 ಸೆಕೆಂಡು. ಅದರಲ್ಲಿ ಹೃತ್ಕುಕ್ಷಿ ಹಿಂಡುವುದು ಸುಮಾರು 0.3 ಸೆಕೆಂಡು, ಉಳಿದ 0.5 ಸೆಕೆಂಡು ಬಿಡುವು, ತುಂಬಿಕೊಳ್ಳುವ ಹೊತ್ತು. ಮೆಟ್ಟಿಲು ಹತ್ತಿ ಬಂದು ಮತ್ತೆ ಕೇಳಿ. ಜಾಸ್ತಿ ಕಡಿಮೆಯಾಗಿರುವುದು ಆ ಬಿಡುವೇ.

ಹೆಜ್ಜೆ 5: ರಕ್ತ ಯಾವ ಕಡೆ ಹೋಗುತ್ತದೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇದು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಚಿತ್ರ ಸಮೇತ ಪ್ರಕಟಿಸಿದ್ದು. ನರ ಎದ್ದು ಕಾಣುವ ತೆಳ್ಳಗಿನ ಕೈಯವರನ್ನು ಹಿಡಿಯಿರಿ. ಮಾತಿಗೆ ‘ನರ’ ಅನ್ನುತ್ತೇವೆ, ನಿಜಕ್ಕೂ ಅದು ಅಭಿಧಮನಿ ಎಂಬ ರಕ್ತನಾಳ. ತೋಳಿಗೆ ಬಟ್ಟೆ ಪಟ್ಟಿಯನ್ನು ಕೊಂಚ ಬಿಗಿಯಾಗಿ ಕಟ್ಟಿ, ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಡ. ಮುಂಗೈಯ ನಾಳಗಳು ಉಬ್ಬುತ್ತವೆ. ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವೇ ಕವಾಟಗಳು.

ಗಂಟಿನ ಕೆಳಗೆ, ಅಂಗೈ ಕಡೆಯಲ್ಲಿ, ಒಂದು ಬೆರಳು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ, ಗಂಟು ದಾಟುವವರೆಗೆ ರಕ್ತವನ್ನು ಸವರಿಕೊಂಡು ಹೋಗಿ. ಎರಡನೇ ಬೆರಳು ತೆಗೆಯಿರಿ. ಮೇಲಿನ ರಕ್ತ ಗಂಟಿನವರೆಗೆ ಬಂದು ನಿಂತಿತು. ಗಂಟಿನ ಕೆಳಗೆ ನಾಳ ಖಾಲಿ, ಚಪ್ಪಟೆ. ಈಗ ಮೊದಲನೇ ಬೆರಳು ಬಿಡಿ. ತಟ್ಟನೆ ಕೆಳಗಿನಿಂದ ತುಂಬಿತು.

ರಕ್ತ ಲಿವರಿನಲ್ಲಿ ತಯಾರಾಗಿ ಮೈಯಲ್ಲಿ ಖರ್ಚಾಗಿಹೋಗುತ್ತದೆ ಎಂಬ ನಂಬಿಕೆ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಕಾಲದಿಂದ ಬಂದಿತ್ತು. ಹಾರ್ವೆ ಅದಕ್ಕೆ ಲೆಕ್ಕ ಹಾಕಿದರು. ನೀವೂ ಹಾಕಿ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ, ಹೆಚ್ಚುಕಡಿಮೆ ಒಂದು ಬೈಟು ಕಾಫಿಯಷ್ಟು. ನಿಮಿಷಕ್ಕೆ 70 ಬಡಿತ ಎಂದರೂ 4.9 ಲೀಟರ್. ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್. ದಿನಕ್ಕೆ 7,000 ಲೀಟರ್ ಆಯಿತು. ಇಷ್ಟನ್ನು ಯಾವ ಲಿವರ್ ತಯಾರು ಮಾಡೀತು? ಅದೇ ರಕ್ತ ಸುತ್ತಿ ಬರಲೇಬೇಕು. ಹಾರ್ವೆಗೆ ಕಾಣದೇ ಉಳಿದದ್ದು ಹೃದಯದಿಂದ ರಕ್ತ ಒಯ್ಯುವ ನಾಳಗಳನ್ನೂ ವಾಪಸ್ ತರುವ ನಾಳಗಳನ್ನೂ ಜೋಡಿಸುವ ಕೊಂಡಿ. ಆ ಸೂಕ್ಷ್ಮ ನಾಳಗಳನ್ನು 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡರು.

ಕಾಲಿನ ನಾಳಗಳಲ್ಲೂ ಇಂಥ ಕವಾಟಗಳಿವೆ. ಮೀನಖಂಡ ಹಿಂಡಿದಾಗಲೆಲ್ಲ ರಕ್ತ ಒಂದೊಂದು ಮೆಟ್ಟಿಲು ಮೇಲೇರುತ್ತದೆ. ಶಾಲೆಯ ಪ್ರಾರ್ಥನೆಯಲ್ಲಿ ಅಲ್ಲಾಡದೆ ನಿಂತ ಮಕ್ಕಳಲ್ಲಿ ಯಾರೋ ಒಬ್ಬರು ತಲೆಸುತ್ತಿ ಬೀಳುತ್ತಾರಲ್ಲ, ಕಾಲಲ್ಲಿ ರಕ್ತ ನಿಂತುಬಿಡುವುದು ಅದಕ್ಕೊಂದು ಕಾರಣ.

ಹೆಜ್ಜೆ 6: ಈಗ ಪೆನ್ಸಿಲು

ಮೊದಲು ಎಡ ಹೃತ್ಕುಕ್ಷಿಯ ಗೋಡೆ ಬರೆಯಿರಿ, ದಪ್ಪಗೆ. ಅದು ಇಡೀ ಮೈಗೆ ರಕ್ತ ತಳ್ಳಬೇಕು. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಗೋಡೆ ತೆಳ್ಳಗೆ. ಆಮೇಲೆ ನೀವು ಸದ್ದು ಕೇಳಿದ ನಾಲ್ಕು ಕವಾಟ. ಕೊನೆಗೆ ಕೊಳವೆಗಳು. ಬಲಗಡೆಗೆ ನೀಲಿ ಹಚ್ಚುವುದು ಪುಸ್ತಕದ ರೂಢಿ ಅಷ್ಟೇ. ಆಮ್ಲಜನಕ ಕಡಿಮೆಯಾದ ರಕ್ತ ನೀಲಿಯಲ್ಲ, ಕಡುಗೆಂಪು.

ಎಡ ಬಲದ ಅನುಮಾನ ಬಂದರೆ ಬರೆದ ಹಾಳೆಯನ್ನು ಚಿತ್ರ ಹೊರಗೆ ಕಾಣುವಂತೆ ಎದೆಗೆ ಹಿಡಿದುಕೊಳ್ಳಿ. ದಪ್ಪ ಗೋಡೆ ನಿಮ್ಮ ಎಡಗೈ ಕಡೆಗಿದ್ದರೆ ಚಿತ್ರ ಸರಿಯಾಗಿದೆ.