ಡೆಬಿಯನ್ 12ರಿಂದ 13ಕ್ಕೆ, ಬರೀ ಕಿವಿ ನಂಬಿಕೊಂಡು

ನನಗೆ ಕಣ್ಣು ಕಾಣಲ್ಲ. ಲ್ಯಾಪ್‌ಟಾಪ್‌ಗೆ ಡೆಬಿಯನ್ 12 (ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಒಂದು ಲಿನಕ್ಸ್) ಹಾಕಿದ್ದೂ ನಾನೇ, ಅದನ್ನ 13ಕ್ಕೆ ಏರಿಸಿದ್ದೂ ನಾನೇ. ಪಕ್ಕದಲ್ಲಿ ಕೂತು ಪರದೆ ಓದಿ ಹೇಳುವವರು ಯಾರೂ ಇರಲಿಲ್ಲ. ಗಂಗಾವತಿಯಲ್ಲಿ ರಿಪೇರಿ ಮಾಡುವ ಒಬ್ಬರು "ಕಣ್ಣಿದ್ದೋರಿಗೇ ತಲಿ ಕೆಡತೈತಿ, ನಿಮಗ್ಯಾಕ್ರೀ ಇದು" ಅಂದಿದ್ದರು. ಪ್ರತಿ ಸಲ ಫಾರ್ಮ್ಯಾಟ್‌ಗೆ ಐನೂರು, ಆರುನೂರು ಕೊಟ್ಟು ಸಾಕಾಗಿತ್ತು. ದುಡ್ಡು ಹೋಗಲಿ, ವಾಪಸ್ ಬಂದ ಲ್ಯಾಪ್‌ಟಾಪ್ ಪರದೆ ಓದಿ ಹೇಳುತ್ತಲೇ ಇರಲಿಲ್ಲ, ಮಾತೇ ಆಡುತ್ತಿರಲಿಲ್ಲ.

ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರುವಾದಾಗ ಬರುವ ಬೂಟ್ ಮೆನುವಿನಲ್ಲಿ ಎಸ್ ಒತ್ತಿ ಎಂಟರ್ ಕೊಟ್ಟರೆ ಡೆಬಿಯನ್ ಇನ್‌ಸ್ಟಾಲರ್ ಮಾತಾಡುತ್ತೆ. ನನ್ನದರಲ್ಲಿ ಬೀಪೂ ಇಲ್ಲ, ಮಾತೂ ಇಲ್ಲ. ಪೆನ್‌ಡ್ರೈವ್ ಬದಲಿಸಿದೆ, ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಮತ್ತೆ ಇಳಿಸಿದೆ, ಡೇಟಾ ಖಾಲಿ ಆಯ್ತು, ವಾರಗಟ್ಟಲೆ ಅದೇ ಕಥೆ. ಲ್ಯಾಪ್‌ಟಾಪ್ ಒಳಗಿನ ಸೌಂಡ್ ಚಿಪ್ ಆ ಹಂತದಲ್ಲಿ ಏಳುತ್ತಲೇ ಇರಲಿಲ್ಲ. ಬಳ್ಳಾರಿಯಿಂದ ಇನ್ನೂರೈವತ್ತು ರೂಪಾಯಿ ಆಸುಪಾಸಿನ ಯುಎಸ್‌ಬಿ ಸೌಂಡ್ ಕಾರ್ಡ್ ತರಿಸಿ, ಇಯರ್‌ಫೋನ್ ಸಿಕ್ಕಿಸಿ, ಎಸ್ ಒತ್ತಿದೆ. ಅಕ್ಷರವನ್ನ ಮಾತಾಗಿಸುವ ಈಸ್ಪೀಕ್‌ನ ಆ ಒರಟು ದನಿ ಕೇಳಿದಾಗ ಆದ ಖುಷಿ ಬೇರೆಯೇ. ಆಮೇಲೆಲ್ಲ ಸಲೀಸು. ಪ್ರಶ್ನೆ ಓದುತ್ತೆ, ನಂಬರ್ ಒತ್ತಬೇಕು, ಎಂಟರ್, ಅಷ್ಟೇ.

ಬಯೋಸ್, ಅಂದ್ರೆ ಡೆಬಿಯನ್‌ಗೂ ಮೊದಲು ಬರುವ ಲ್ಯಾಪ್‌ಟಾಪ್‌ನ ಸ್ವಂತ ಸೆಟ್ಟಿಂಗ್ ಪರದೆ, ಮಾತಾಡಲ್ಲ, ಅದೊಂದೇ ಗೋಡೆ. ಫೋನ್ ಕ್ಯಾಮೆರಾ ಹಿಡಿದು ಪರದೆಯ ಅಕ್ಷರ ಓದಿಸಿ ನೋಡಿದೆ. ಅರ್ಧ ಸಾಲು ಸರಿ ಬರುತ್ತೆ, ಆದರೆ ಯಾವ ಸಾಲಿನ ಮೇಲೆ ನಿಂತಿದ್ದೀವಿ ಅನ್ನೋದು ಗೊತ್ತಾಗಲ್ಲ. ಈಗ ನಾನು ಅದನ್ನ ಬೇರೆ ಥರ ದಾಟುತ್ತೇನೆ. ಆ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

13 ಬಂದಿದ್ದು 2025ರ ಆಗಸ್ಟ್‌ನಲ್ಲಿ. ಒಂದೆರಡು ತಿಂಗಳು ಕಾದು ಕೈ ಹಾಕಿದೆ. ಪರದೆ ಓದಿ ಹೇಳುವ ಓರ್ಕಾ ಓಡುತ್ತಿರುವಾಗ ಡೆಸ್ಕ್‌ಟಾಪ್ ಒಳಗಿಂದಲೇ ಅಪ್‌ಗ್ರೇಡ್ ಮಾಡಬೇಡಿ. ಗೆಳೆಯನೊಬ್ಬನ ಮಷೀನಲ್ಲಿ ಹಾಗೆ ಮಾಡಿದಾಗ ಆಡಿಯೊ ಪ್ಯಾಕೇಜ್‌ಗಳು ಬದಲಾಗುವ ಹೊತ್ತಿಗೆ ದನಿ ಕಟ್ಟಾಗಿ, ಮಧ್ಯದಲ್ಲಿ ಬಂದ ಪ್ರಶ್ನೆ ಉತ್ತರಕ್ಕೆ ಕಾಯುತ್ತಾ ನಿಂತುಬಿಟ್ಟಿತ್ತು. ನಾನು ಡೆಸ್ಕ್‌ಟಾಪ್‌ನಿಂದ ಲಾಗ್‌ಔಟ್ ಆಗಿ ಬರೀ ಅಕ್ಷರಗಳ ಪರದೆಯಾದ ಟೆಕ್ಸ್ಟ್ ಕನ್ಸೋಲ್‌ಗೆ ಹೋದೆ, ಅಲ್ಲಿ ಓರ್ಕಾ ಬದಲು ಸ್ಪೀಕಪ್ ಓದುತ್ತೆ. ಇನ್‌ಸ್ಟಾಲ್ ಮಧ್ಯೆ ಪ್ರಶ್ನೆ ಕೇಳುವ ಡೆಬ್‌ಕಾನ್ಫ್ ಅನ್ನು ರೀಡ್‌ಲೈನ್ ಅನ್ನೋ ರೂಪಕ್ಕೆ ಬದಲಿಸಿದೆ. ಆ ನೀಲಿ ಡಬ್ಬಿಗಳ ಕಾಟ ಹೋಗಿ, ಪ್ರಶ್ನೆಗಳು ಸಾದಾ ಸಾಲಾಗಿ ಬಂದವು.

ಇನ್ನು ಕರೆಂಟು. ನನ್ನ ಬ್ಯಾಟರಿ ಇಪ್ಪತ್ತು ನಿಮಿಷ ಬಂದರೆ ಜಾಸ್ತಿ. ಅದಕ್ಕೇ ರಾತ್ರಿಯೇ ಡೌನ್‌ಲೋಡ್ ಓನ್ಲಿ (ಬರೀ ಇಳಿಸು, ಇನ್‌ಸ್ಟಾಲ್ ಬೇಡ) ಕೊಟ್ಟು ಎಲ್ಲಾ ಇಳಿಸಿಟ್ಟೆ, ಸುಮಾರು ಎರಡು ಜಿಬಿ ಇರಬೇಕು. ಬೆಳಿಗ್ಗೆ ಇನ್‌ಸ್ಟಾಲ್ ಶುರು ಮಾಡಿದೆ. ಆದ್ರೂ ಮಧ್ಯೆ ಕರೆಂಟ್ ಹೋಯ್ತು, ಲ್ಯಾಪ್‌ಟಾಪ್ ಆಫ್ ಆಯ್ತು. ಆನ್ ಮಾಡಿದರೆ ಕನ್ಸೋಲ್ ಮಾತಾಡ್ತು, ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನ ಪೂರ್ತಿ ಮಾಡುವ ಡಿಪಿಕೆಜಿ ಕಾನ್ಫಿಗರ್ ಕಮಾಂಡ್ ಕೊಟ್ಟು, ಬಿಟ್ಟಲ್ಲಿಂದ ಮುಂದುವರಿಸಿದೆ. ಒಟ್ಟು ಎರಡು ಎರಡೂವರೆ ತಾಸು ಹಿಡಿದಿರಬಹುದು.

ಸುಮ್ನೆ ಒಮ್ಮೆ ಓರ್ಕಾಗೆ ಈಸ್ಪೀಕ್‌ನ ಕನ್ನಡ ದನಿ ಹಾಕಿ ನೋಡಿದೆ. ಸುದ್ದಿ ಓದೋಕೆ ಅಡ್ಡಿಯಿಲ್ಲ, ಕಮಾಂಡ್ ಹೊಡೆಯುವಾಗ ಮಾತ್ರ ಇಂಗ್ಲಿಷ್ ದನಿಯೇ ವಾಸಿ. ನೀವು ಶುರು ಮಾಡೋದಾದ್ರೆ ಮೊದಲು ಆ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ, ಲ್ಯಾಪ್‌ಟಾಪ್ ಆಮೇಲೆ ನೋಡಿ.