ಪಾಲುದಾರ ಸಂಸ್ಥೆಯ ವಿಮಾನದಲ್ಲಿ ಗೋಲ್ಡ್ ಕಾರ್ಡಿನ ಸೌಲಭ್ಯ ಪಡೆಯುವ ಬಗೆ

ಶಿರಸಿಯಿಂದ ಹುಬ್ಬಳ್ಳಿಗೆ ಅಥವಾ ಕಾರವಾರದಿಂದ ಗೋವಾಕ್ಕೆ ಸುಮಾರು 100 ಕಿಲೋಮೀಟರ್ ಸಾಗಿ ವಿಮಾನ ಹತ್ತುವ ನಮಗೆ, ಪದೇ ಪದೇ ಹಾರುವವರಿಗೆ ವಿಮಾನ ಸಂಸ್ಥೆ ಕೊಡುವ ಗೋಲ್ಡ್ ದರ್ಜೆಯ ಸದಸ್ಯತ್ವ ಕಾರ್ಡಿನ ಸೌಲಭ್ಯ ಉಂಟೋ ಇಲ್ಲವೋ ಎಂಬುದು ಕೌಂಟರಿನಲ್ಲಿ ತಿಳಿದರೆ ಪ್ರಯೋಜನವಿಲ್ಲ. ಟಿಕೆಟ್ ಕೈಸೇರಿದ ದಿನವೇ ಪರಿಶೀಲಿಸಬೇಕು.

ಟಿಕೆಟ್ ಯಾರೇ ಮಾರಿರಲಿ, ವಿಮಾನ ಹಾರಿಸುವ ಸಂಸ್ಥೆ ಯಾವುದೆಂದು ಮೊದಲು ನೋಡಿಕೊಳ್ಳಿ. ಏರ್ ಇಂಡಿಯಾ 2014ರ ಜುಲೈನಿಂದ ಸ್ಟಾರ್ ಅಲಯನ್ಸ್ ಎಂಬ, ಒಬ್ಬರ ಕಾರ್ಡನ್ನು ಇನ್ನೊಬ್ಬರು ಮಾನ್ಯ ಮಾಡುವ ವಿಮಾನ ಸಂಸ್ಥೆಗಳ ಕೂಟದಲ್ಲಿದೆ. ಲುಫ್ತಾನ್ಸಾ, ಸಿಂಗಪುರ್ ಏರ್‌ಲೈನ್ಸ್ ಕೂಡ ಅಲ್ಲಿವೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೋ ಆ ಕೂಟದ ಸದಸ್ಯರಲ್ಲ. ಕೂಟದ ಗೋಲ್ಡ್ ಕಾರ್ಡು, ಅಂದರೆ ಸ್ಟಾರ್ ಗೋಲ್ಡ್ ದರ್ಜೆ, ಇರುವವರಿಗೆ ಸಾಮಾನ್ಯವಾಗಿ 20 ಕಿಲೋ ಅಥವಾ ಒಂದು ಬ್ಯಾಗು ಹೆಚ್ಚುವರಿಯಾಗಿ ಸಿಗುತ್ತದೆಯಾದರೂ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇಂಡಿಗೋದಲ್ಲಿ ಪ್ರತ್ಯೇಕ ಟಿಕೆಟ್ ಪಡೆದು, ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾದಲ್ಲಿ ಹೋಗುವವರು ಮೊದಲ ಹಾರಾಟದಲ್ಲಿ ದೇಶೀಯ ಪ್ರಯಾಣದ 15 ಕಿಲೋ ಮಿತಿಯನ್ನೇ ಪಾಲಿಸಬೇಕಾಗುತ್ತದೆ.

ಹೆಚ್ಚಿನ ತೊಂದರೆ ಹುಟ್ಟುವುದು ಹೆಸರಿನಲ್ಲಿ. ನಮ್ಮಲ್ಲಿ ಹೆಸರಿನ ಮುಂದೆ ತಂದೆಯ ಹೆಸರಿನ ಒಂದೇ ಅಕ್ಷರ ಬರೆಯುವುದು ರೂಢಿ. ಪಾಸ್‌ಪೋರ್ಟ್ ಆ ಅಕ್ಷರವನ್ನು ಪೂರ್ಣ ಹೆಸರಾಗಿ ಬಿಡಿಸಿ ಬರೆಯುತ್ತದೆ. ನನ್ನ ಕಾರ್ಡಿನಲ್ಲಿ ಇನಿಷಿಯಲ್, ಟಿಕೆಟ್ಟಿನಲ್ಲಿ ಪೂರ್ಣ ಹೆಸರು ಇದ್ದುದರಿಂದ ಪಾಲುದಾರ ಸಂಸ್ಥೆಯೊಂದರ ವ್ಯವಸ್ಥೆ ನನ್ನ ಸದಸ್ಯತ್ವ ಸಂಖ್ಯೆಯನ್ನು ಸ್ವೀಕರಿಸಲೇ ಇಲ್ಲ. ಆಯಿ ಬಟ್ಟೆ ಸುತ್ತಿ ಕಟ್ಟಿಕೊಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಎರಡು ಭರಣಿ, ಜೋನಿಬೆಲ್ಲದ ಡಬ್ಬಿ, ಎಲ್ಲವನ್ನೂ ನೆಲದ ಮೇಲೆ ಬ್ಯಾಗು ಬಿಚ್ಚಿ ತೆಗೆದು, ಕಳಿಸಲು ಬಂದಿದ್ದ ತಮ್ಮನ ಕೈಗೆ ಹಿಂದಿರುಗಿಸಬೇಕಾಯಿತು. ಆ ಸಂಕಟ ಇನ್ನೊಬ್ಬರಿಗೆ ಬರಬಾರದು. ಸದಸ್ಯತ್ವದ ದಾಖಲೆಯಲ್ಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ತಿದ್ದಿಸಿ. ಆ ಬಳಿಕ ವಿಮಾನ ಹಾರಿಸುವ ಸಂಸ್ಥೆಯ ಜಾಲತಾಣದಲ್ಲಿ ಬುಕಿಂಗ್ ತೆರೆದು ಸಂಖ್ಯೆ ದಾಖಲಾಗಿದೆಯೇ ನೋಡಿ. ಬೋರ್ಡಿಂಗ್ ಪಾಸಿನಲ್ಲಿ ನಕ್ಷತ್ರ ಚಿಹ್ನೆಯ ಜೊತೆ ಜಿ ಅಕ್ಷರ ಮುದ್ರಿತವಾಗಿದ್ದರೆ ಗೋಲ್ಡ್ ದರ್ಜೆಯನ್ನು ಗುರುತಿಸಿದ್ದಾರೆಂದು ಅರ್ಥ. ಅದಿಲ್ಲದಿದ್ದರೆ ಬ್ಯಾಗು ತೂಕಕ್ಕೆ ಇಡುವ ಮೊದಲೇ ಕಾರ್ಡ್ ತೋರಿಸಿ ಸರಿಪಡಿಸಿಕೊಳ್ಳಿ.

ಹಾರಾಟಕ್ಕಾಗಿ ಸದಸ್ಯರ ಖಾತೆಗೆ ಸೇರುವ ಅಂಕಗಳಾದ ಮೈಲುಗಳ ಲೆಕ್ಕವೇ ಬೇರೆ. ಟಿಕೆಟ್ಟಿನಲ್ಲಿರುವ ಬುಕಿಂಗ್ ಕ್ಲಾಸಿನ, ಅಂದರೆ ದರದ ವರ್ಗದ, ಅಕ್ಷರ ಅದನ್ನು ನಿರ್ಧರಿಸುತ್ತದೆ. ತೀರ ಅಗ್ಗದ ದರದ ಕೆಲವು ಕ್ಲಾಸುಗಳಿಗೆ ಏನೂ ಜಮೆಯಾಗದು. ಆದ್ದರಿಂದ ಹಣ ಕಟ್ಟುವ ಮುನ್ನ ಆ ಅಕ್ಷರವನ್ನು ನಿಮ್ಮ ಸದಸ್ಯತ್ವ ಯೋಜನೆಯ ಪಟ್ಟಿಯೊಂದಿಗೆ ಹೋಲಿಸಿ.

ಪ್ರಯಾಣ ಮುಗಿದ ಮೇಲೂ ಮೈಲುಗಳು ಖಾತೆಗೆ ಬರುವವರೆಗೆ ಬೋರ್ಡಿಂಗ್ ಪಾಸನ್ನು ಎಸೆಯಬೇಡಿ. ಕಾಗದದ ಪಾಸಿನ ಅಕ್ಷರಗಳು ಕರಾವಳಿಯ ಸೆಕೆಯಲ್ಲಿ ಬೇಗ ಮಾಸುತ್ತವೆ. ಇಳಿದ ಕೂಡಲೇ ಫೋಟೋ ತೆಗೆದಿಟ್ಟುಕೊಳ್ಳಿ. ಮೈಲು ಬಾರದಿದ್ದರೆ ಆ ಫೋಟೋ ಮತ್ತು ಇ-ಟಿಕೆಟ್ ಸಂಖ್ಯೆಯನ್ನು, ನೀವು ಹಾರಿದ ಸಂಸ್ಥೆಗಲ್ಲ, ಕಾರ್ಡು ಕೊಟ್ಟ ಸಂಸ್ಥೆಗೆ ಕಳುಹಿಸಿ.